ಲಕ್ಕಯ್ಯ ಮೇಷ್ಟ್ರ ಹೊಟ್ಟೆನೋವು

ಹೊಳೆನರಸೀಪುರದ ಕಡೆಯ ಲಕ್ಕಯ್ಯ ತನ್ನ ಕೇರಿಯಿಂದ ಮೇಷ್ಟ್ರಾದ ಮೊದಲನೆಯವನು. ೧೯೫೬ರಲ್ಲಿ ಅವನನ್ನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದರು. ಆ ಊರಲ್ಲಿ ಅವನಿಗೆ ಮನೆ ಕೊಡುವವರಿರಲಿಲ್ಲ. ಮೂರು ಮೈಲಿ ಆಚೆಯ ಕೇರಿಯೊಂದರಲ್ಲಿ ಹೆಂಡತಿ ಮಲ್ಲಿಗಮ್ಮನೊಂದಿಗೆ ಉಳಿದು, ದಿನಾ ಕುರುಚಲು ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದ. ಶಾಲೆಯ ನೀರಿನ ಮಡಕೆ ಮುಟ್ಟುವಂತಿರಲಿಲ್ಲ. ಮಕ್ಕಳು ಸ್ಲೇಟನ್ನು ನೆಲದ ಮೇಲಿಟ್ಟು ಸರಿಯಬೇಕು, ಇವನು ತಿದ್ದಿ ನೆಲಕ್ಕೇ ಇಡಬೇಕು. ಪಾಠ ಹೇಳುವ ಆಸೆಗೆ ಎಲ್ಲವನ್ನೂ ಸಹಿಸಿಕೊಂಡ.

ಒಂದು ದಿನ ಪುಟ್ಟ ಹುಡುಗಿಯೊಬ್ಬಳು 'ಈ' ಬರೆಯಲು ಬಾರದೆ ಅಳುತ್ತಿದ್ದಳು. ಲಕ್ಕಯ್ಯ ಮೈಮರೆತು ಅವಳ ಕೈ ಹಿಡಿದು ಬರೆಸಿಬಿಟ್ಟ. ಸಂಜೆ ಊರ ಯಜಮಾನ ದಾರಿಯಲ್ಲಿ ಕಾದು ನಿಂತಿದ್ದ. ದನಿ ಏರಿಸಲಿಲ್ಲ.

"ಲಕ್ಕ, ಇನ್ನೊಂದ್ ಸಲ ಅಂಗ್ ಮಾಡ್ಬ್ಯಾಡ. ಈ ದಾರೀಲಿ ದಿನಾ ಒಬ್ನೇ ಬತ್ತೀಯ, ಒಬ್ನೇ ಓಯ್ತೀಯ."

ಮಾರನೆಯ ಬೆಳಿಗ್ಗೆ ಉಂಡ ಮುದ್ದೆಯೆಲ್ಲ ವಾಂತಿಯಾಯಿತು. ಆಮೇಲೆ ಅದು ಮತ್ತೆ ಮತ್ತೆ ಬರತೊಡಗಿತು. ದಾರಿಯಲ್ಲಿ ಓತಿಕೇತ ಸರಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ನಿದ್ದೆ ಹೋಯಿತು. ಬೋರ್ಡಿನ ಮೇಲೆ ಬರೆದ ಅಕ್ಷರಗಳು ಸೊಟ್ಟಗಾದವು. ಮೂವತ್ತು ತುಂಬುವ ಮೊದಲೇ ತಲೆ ನರೆಯಿತು. ಗಾಳಿ ಸೋಕಿರಬೇಕೆಂದು ಮಲ್ಲಿಗಮ್ಮ ತಾಯಿತ ಕಟ್ಟಿಸಿದಳು. ಆದರೆ ಅವಳ ಮನಸ್ಸು ಒಪ್ಪಲಿಲ್ಲ.

"ಭಾನುವಾರ ಯಾಕ್ ಬರಾಕಿಲ್ಲ ಇದು? ಬ್ಯಾಸ್ಗೆ ರಜದಾಗೆ ಒಂದಿನಾನೂ ಬರ್ನಿಲ್ಲ. ಆ ಊರಾಗೆ ಏನಾಯ್ತು, ಯೋಳಿ."

ಹೇಳಿದರೆ ಕೆಲಸ ಬಿಡಿಸುತ್ತಾಳೆಂದು ಅವನು ಬಾಯಿ ಬಿಡಲಿಲ್ಲ. ಹಾಸನದ ಡಾಕ್ಟರು ಹೊಟ್ಟೆ ಅಮುಕಿ ನೋಡಿ, ಹುಣ್ಣಾಗಿದೆ, ಮನಸ್ಸಿಗೇನಾದರೂ ಕೊರಗಿದೆಯೇ ಎಂದು ಕೇಳಿದರು. ಏನೂ ಇಲ್ಲವೆಂದು ತಲೆಯಾಡಿಸಿ ಪುಡಿ ಕಟ್ಟಿಸಿಕೊಂಡು ಬಂದ.

೧೯೬೧ರಲ್ಲಿ ಪಾಠ ಮಾಡುತ್ತಲೇ ರಕ್ತ ಕಾರಿಕೊಂಡು ಬಿದ್ದ. ಮಕ್ಕಳು ಹೊರಗೋಡಿದರು. ದೊಡ್ಡವರು ಬಾಗಿಲಲ್ಲಿ ನಿಂತು ನೋಡಿದರು, ಯಾರೂ ಎತ್ತಲಿಲ್ಲ. ಸುದ್ದಿ ಮುಟ್ಟಿ ಮಲ್ಲಿಗಮ್ಮ ಗಾಡಿ ಹೊಡೆಸಿಕೊಂಡು ಬರುವವರೆಗೆ ಅಲ್ಲೇ ಇದ್ದ. ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಎಚ್ಚರವಾದ ಮೇಲೆ, ಯಜಮಾನ ಆ ಸಂಜೆ ದಾರಿಯಲ್ಲಿ ಆಡಿದ ಮಾತನ್ನು ಅವಳಿಗೆ ಹೇಳಿದ.

"ಐದ್ ವರ್ಸ ಒಬ್ರೇ ನುಂಗ್ಕಂಡಿದ್ರಾ," ಎಂದಷ್ಟೇ ಅಂದಳು ಮಲ್ಲಿಗಮ್ಮ.

ಚನ್ನರಾಯಪಟ್ಟಣದ ಕಡೆಗೆ ವರ್ಗವಾಯಿತು. ಅಲ್ಲಿನ ಹೆಡ್ಮಾಸ್ಟರು ಗಂಗಾಧರಯ್ಯ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡುತ್ತಿದ್ದರು. ಆದರೂ ಹಿಂದಿನಿಂದ ಯಾರಾದರೂ ಕರೆದರೆ ಲಕ್ಕಯ್ಯ ಬೆವೆತುಹೋಗುತ್ತಿದ್ದ. ಹುಣ್ಣು ಮತ್ತೆ ಒಡೆದು, ೧೯೬೫ರಲ್ಲಿ ತೀರಿಕೊಂಡ. ಮೂವತ್ತೇಳು ವರ್ಷ ವಯಸ್ಸು.

ಯಾವ ಕಾಯಿಲೆಯಾಗಿತ್ತೆಂದು ಕೇಳಿದವರಿಗೆಲ್ಲ ಮಲ್ಲಿಗಮ್ಮ ಅರಕಲಗೂಡು ಕಡೆಯ ಆ ಊರಿನ ಹೆಸರು ಹೇಳುತ್ತಿದ್ದಳು.