ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ಬೆನ್ನು ನೀವಿದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೊಂಗನೂರಿಗೆ ಸೊಸೆಯಾಗಿ ಬಂದ ಮೇಲೂ, ಸೊಂಟ ಹಿಡಿದುಕೊಂಡವರು ಬೆಳಗಾದರೆ ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ಬಲಗಾಲಿನಲ್ಲಿ ನೀವುತ್ತಿದ್ದೆ. ದೊಡ್ಡವರನ್ನು ಕಾಲಲ್ಲಿ ಮುಟ್ಟಿದ್ದಕ್ಕೆ ಆಮೇಲೆ ಬಗ್ಗಿ ನಮಸ್ಕಾರ ಮಾಡುತ್ತಿದ್ದೆ. ಬಿಎಸ್ಸಿ ಓದಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಬ್ಬಿಬ್ಬಾಗುತ್ತೇನೆ.

ಅಂಥ ನನಗೇ, ರೇಷ್ಮೆಹುಳು ಹಣ್ಣಾದ ದಿನ, ಗೂಡು ಕಟ್ಟಲು ಅವನ್ನು ಬಿಡುವ ಬಿದಿರಿನ ಚಂದ್ರಿಕೆ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ನೋವು ಬಲಗಾಲಿಗೆ ಇಳಿಯಿತು. ಹೆಬ್ಬೆರಳಿಗೆ ಹಿಡಿದ ಜೋಮು ಬಿಡಲೇ ಇಲ್ಲ. ಚಪ್ಪಲಿ ಕಳಚಿಕೊಂಡರೂ ಗೊತ್ತಾಗುತ್ತಿರಲಿಲ್ಲ. ಡಿಸ್ಕ್ ಜರುಗಿ ನರ ಒತ್ತುತ್ತಿದೆ, ಮೊದಲು ಫಿಸಿಯೋಥೆರಪಿ ಮಾಡಿಸಿ, ಬೆರಳಿಗೆ ಸ್ಪರ್ಶ ಬರದಿದ್ದರೆ ಆಪರೇಷನ್ ಯೋಚಿಸೋಣ ಎಂದರು ಡಾಕ್ಟರು. ಆಪರೇಷನ್ ಎಂದರೆ ನನಗೆ ಜೀವವೇ ಬಾಯಿಗೆ ಬರುತ್ತದೆ.

ಚನ್ನಪಟ್ಟಣದ ಫಿಸಿಯೋಥೆರಪಿ ಹುಡುಗಿ ನನ್ನನ್ನೂ ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತಿಸಿದಳು. ಸದ್ಯಕ್ಕೆ ಬಗ್ಗಲೇಬಾರದು ಎಂದಳು. ಕೆಲವು ವಾರ ಕಳೆದ ಮೇಲೆ ಕಾಲಿನ ನೋವು ಕಮ್ಮಿಯಾಗಿ, ಸೊಂಟದ್ದು ಜಾಸ್ತಿಯಾಯಿತು. ಹೇಳಿದರೆ ಅವಳಿಗೆ ಖುಷಿಯೋ ಖುಷಿ.

"ಕಾಲಲ್ಲಿರೋ ನೋವು ಸೊಂಟಕ್ಕೆ ವಾಪಸ್ ಬರ್ತಿದೆ ಅಂದ್ರೆ ಒಳ್ಳೇದು ಆಂಟಿ. ವಾಸಿಯಾಗ್ತಿದೆ."

ಮನೆಗೆ ಬಂದು ಅತ್ತೆಗೆ ಇದನ್ನೇ ಹೇಳಿದೆ.

"ನೋವು ಜಾಸ್ತಿಯಾದ್ರೆ ಒಳ್ಳೇದಂತಾ? ಅದ್ಯಾವ್ ಸೀಮೆ ಡಾಕ್ಟ್ರು ಅವ್ಳು? ನಿನ್ನಂಗೇ ಕಾಲ್ ಮುಂದಾಗಿ ಹುಟ್ಟಿರೋರು ಸಾತನೂರಲ್ಲಿ ಒಬ್ರವ್ರಂತೆ. ಹೋಗಿ ನೀವಿಸ್ಕೊಂಡ್ ಬಾ."

ಇಬ್ಬರ ಮಾತೂ ಸರಿ ಅನ್ನಿಸಿ ತಲೆ ಕೆಟ್ಟುಹೋಯಿತು. ಸೊಂಟ ನೊಂದರೆ ಸಂತೋಷಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಸಾತನೂರಿಗೆ ಹೋಗಲಿಲ್ಲ. ವ್ಯಾಯಾಮವನ್ನು ಮಾತ್ರ ಆ ಹುಡುಗಿಯನ್ನು ಬೈದುಕೊಂಡೇ ಮಾಡಿದೆ.

ಹೀಗಿರುವಾಗ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಲು ಹೋಗಿ ಅತ್ತೆಗೇ ಉಳುಕು ಹಿಡಿಯಿತು. ಮುಲುಗುತ್ತ ಬಂದು ಜಗಲಿಯ ಮೇಲೆ ಮಲಗಿದರು.

"ಒಸಿ ಕಾಲಿಕ್ಕವ್ವ."

"ಜೋಮು ಹಿಡ್ದಿರೋ ಕಾಲು ಅತ್ತೆ. ಇದ್ರಲ್ಲಿ ವಾಸಿಯಾಯ್ತದಾ?"

"ನಂಗೇನ್ ಗೊತ್ತು? ಇಕ್ಕು."

ಕಿಟಕಿ ಸರಳು ಹಿಡಿದು ಬಲಗಾಲನ್ನು ಅವರ ಬೆನ್ನ ಮೇಲಿಟ್ಟೆ. ಹಿಮ್ಮಡಿಗೆ ಬೆನ್ನು ಗೊತ್ತಾಯಿತು, ಹೆಬ್ಬೆರಳಿಗೆ ಏನೂ ಇಲ್ಲ. ಸೊಂಟದವರೆಗೂ ನೀವಿದೆ. ಅಲ್ಲಿ ಹೆಬ್ಬೆರಳಿಗೆ ಏನೋ ತಣ್ಣಗೆ ತಗುಲಿತು. ಬಗ್ಗಿ ನೋಡುವಂತಿಲ್ಲ, ಬೆರಳಲ್ಲೇ ತಡಕಿದೆ. ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀರುವಿನ ಬೀಗದ ಕೈ. ಅದರ ಹಲ್ಲು ಚುಚ್ಚಿದ್ದೂ ಹೆಬ್ಬೆರಳಿಗೆ ಗೊತ್ತಾಯಿತು. ಅಳು ಬಂದುಬಿಟ್ಟಿತು.

"ಯಾಕವ್ವ, ಸೊಂಟ ನೋಯ್ತೈತಾ?"

ನೋಯುತ್ತಲೂ ಇತ್ತು. ಹ್ಞೂಂ ಅಂದೆ.

ಅತ್ತೆ ಮೆಲ್ಲಗೆ ಎದ್ದು ಕೂತರು. ಅವರಿಗೆ ವಾಸಿಯಾಯಿತೋ ಇಲ್ಲವೋ ಕೇಳಲೂ ತೋಚಲಿಲ್ಲ. ಅಭ್ಯಾಸಬಲದಿಂದ ಅವರ ಪಾದಕ್ಕೆ ಕೈ ಚಾಚಲು ಹೋದೆ. ಅವರು ನನ್ನ ಎರಡೂ ತೋಳು ಹಿಡಿದು ತಡೆದರು.

"ಬಗ್ಗಬ್ಯಾಡ. ಆ ಹುಡ್ಗಿ ಬ್ಯಾಡ ಅಂದವ್ಳೆ."