ಜೆರುಸಲೇಮಿಗೆ ಹೋಗದ ಪಾಲ್ಮರ್

ಇಂಗ್ಲೆಂಡಿನಲ್ಲಿ ಇವತ್ತು ಪಾಲ್ಮರ್ ಎಂಬ ಮನೆತನದ ಹೆಸರಿಗೆ ಬರವಿಲ್ಲ. ವಕೀಲರಲ್ಲೂ ಇದ್ದಾರೆ, ಮಾಂಸದಂಗಡಿಯವರಲ್ಲೂ ಇದ್ದಾರೆ. ಆದರೆ ಏಳುನೂರು ವರ್ಷಗಳ ಹಿಂದೆ, ನಾರ್ಫಕ್ ಸೀಮೆಯ ಒಂದು ಜೌಗು ಹಳ್ಳಿಯಲ್ಲಿ ಮನೆತನದ ಹೆಸರು ಯಾರಿಗಿತ್ತು? ಗಿರಣಿಯವನು ಗಿರಣಿ ಒಸ್ಬರ್ಟ್. ಕಾಲುವೆ ತೋಡುವವನ ಮಗ ಕಾಲುವೆ ಹಾಮೋ. ಜೆರುಸಲೇಮಿಗೆ ಹೋಗಿ ಖರ್ಜೂರದ ಗರಿ ತಂದವನನ್ನು ಮಾತ್ರ ಜನ ಪಾಲ್ಮರ್, ಅಂದರೆ ಗರಿಯವನು ಎಂದು ಕರೆಯುತ್ತಿದ್ದರು. ಆ ಹೆಸರಿಗೆ ಇದ್ದ ಮರ್ಯಾದೆ ಎಂಥದೆಂದರೆ, ಅದನ್ನು ಮಕ್ಕಳೂ ಬಿಡುತ್ತಿರಲಿಲ್ಲ. ಕಾಲುವೆ ಹಾಮೋ ನಡುಪ್ರಾಯದಲ್ಲಿ ಪಾಲ್ಮರ್ ಆದ. ಅವನು ಜೆರುಸಲೇಮಿಗೆ ಹೋಗಿರಲಿಲ್ಲ ಅನ್ನುವುದೊಂದೇ ತೊಂದರೆ.

ಹರಕೆ ಹೊತ್ತವನು ಅವನಲ್ಲ, ಪಕ್ಕದ ಮನೆಯ ಥರ್ಸ್ಟನ್. ಜ್ವರ ಬಂದು ಸಾಯುವ ಹಾಗಾದಾಗ, ಬದುಕಿಸಿದರೆ ಜೆರುಸಲೇಮಿನ ಯೇಸುವಿನ ಸಮಾಧಿಗೆ ಬರುತ್ತೇನೆಂದು ಬೇಡಿಕೊಂಡಿದ್ದ. ಬದುಕಿದ. ಹೊರಡುವ ಮೊದಲೇ ಹುಲ್ಲಿನ ಬಣವೆಯಿಂದ ಬಿದ್ದು ಸತ್ತ. ಹರಕೆ ತೀರಿಸದೆ ಸತ್ತವನಿಗೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ, ಪಾಪ ಸುಡುವ ಬೆಂಕಿಯಲ್ಲಿ ಕಾಯುತ್ತಲೇ ಇರಬೇಕು. ಆದರೆ ಅವನ ಬದಲಿಗೆ ಬೇರೊಬ್ಬರು ಹೋಗಿಬರಬಹುದಿತ್ತು, ಪುಣ್ಯ ಸತ್ತವನಿಗೇ ಸೇರುತ್ತಿತ್ತು. ಥರ್ಸ್ಟನ್ನನ ಹೆಂಡತಿ ಹಾವಿಸ್ ಎತ್ತುಗಳನ್ನು ಮಾರಿದ ದುಡ್ಡನ್ನೂ ಗಂಡನ ಹೊಸ ಬೂಟುಗಳನ್ನೂ ಹಾಮೋನ ಮುಂದಿಟ್ಟಳು. "ನೀನೇ ಹೋಗ್ಬಾರಪ್ಪ, ನನಗೆ ಇನ್ಯಾರಿದ್ದಾರೆ" ಅಂದಳು. ಮಕ್ಕಳಿಲ್ಲದ ಹೆಂಗಸು, ಹಾಮೋಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಸ್ಯಾಂಡ್‌ವಿಚ್ ಬಂದರಿನವರೆಗೆ ನೆಟ್ಟಗೆ ನಡೆದ. ಹಡಗನ್ನೂ ಹತ್ತಿದ. ಅಲೆಯ ಹೊಡೆತಕ್ಕೆ ಹಲಗೆಗಳು ಕಿರುಗುಟ್ಟುವುದನ್ನು ಕೇಳಿ ಹಗ್ಗ ಬಿಚ್ಚುವ ಮೊದಲೇ ಇಳಿದುಬಿಟ್ಟ. ಅವನ ಪರವಾಗಿ ನಾನೇನು ವಕಾಲತ್ತು ವಹಿಸಲಿ? ಹೆದರಿದ, ಅಷ್ಟೇ. ಬೇಗ ವಾಪಸಾದರೆ ಬಣ್ಣ ಬಯಲಾಗುತ್ತದೆಂದು ಅಲ್ಲೇ ಉಣ್ಣೆಮೂಟೆ ಹೊತ್ತು ಎರಡು ಚಳಿಗಾಲ ಕಳೆದ. ಕೊನೆಗೆ ಜೆರುಸಲೇಮಿನಿಂದ ಬಂದಿಳಿದ ಯಾತ್ರಿಕನೊಬ್ಬ ಬರಿಗಾಲಲ್ಲಿ ನಡುಗುತ್ತಿದ್ದುದನ್ನು ಕಂಡು ಥರ್ಸ್ಟನ್ನನ ಬೂಟುಗಳನ್ನು ಬಿಚ್ಚಿ ಕೊಟ್ಟು, ಅವನ ಗರಿಯನ್ನು ತಾನು ಇಸಿದುಕೊಂಡ.

ಬರಿಗಾಲಲ್ಲಿ ಊರು ಸೇರಿದವನನ್ನು ನೋಡಿ ಜನ ದಂಗಾದರು. ಭಕ್ತಿ ಅಂದರೆ ಇದು ಅಂದರು. ಪಾದ್ರಿ ಗರಿಯನ್ನು ಪೀಠದ ಮೇಲಿಟ್ಟ. ಹಾವಿಸ್ ಬಿಸಿನೀರು ತಂದು, ಬೇಡವೆಂದರೂ ಕೇಳದೆ, ಒಡೆದ ಆ ಹಿಮ್ಮಡಿಗಳನ್ನು ಕೈಯಾರೆ ತೊಳೆದಳು. ನಾಚಿಕೆಯಿಂದ ಹಾಮೋಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಆಮೇಲಾದದ್ದು ಅದಕ್ಕಿಂತ ಕೆಟ್ಟದ್ದು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಆ ಊರಿನ ಪ್ರತಿ ಮನೆಯವರೂ ತಮ್ಮವರ ಹೆಸರು ಹೇಳಿ ಚರ್ಚಿನ ಗಂಟೆಯ ಹಗ್ಗ ಎಳೆಯುತ್ತಿದ್ದರು, ಬೆಂಕಿಯಲ್ಲಿರುವವರಿಗೆ ಅದರಿಂದ ತಂಪು. ಹಾವಿಸ್ ಮಾತ್ರ ಎಳೆಯುವುದನ್ನು ಬಿಟ್ಟಳು. ಪ್ರಾರ್ಥನೆಯನ್ನೂ ನಿಲ್ಲಿಸಿದಳು. "ನನ್ನವನು ಎಂದೋ ಪಾರಾದ" ಎಂದು ನಗುತ್ತಿದ್ದಳು. ಹಾಮೋ ಅಪ್ಪನ ಹೆಸರಿನಲ್ಲಿ ಎಳೆದು, ಯಾರಿಗೂ ಕೇಳದಂತೆ ಥರ್ಸ್ಟನ್ನನ ಹೆಸರು ಹೇಳಿ ಇನ್ನಷ್ಟು ಎಳೆಯುತ್ತಿದ್ದ. "ಸಾಕು ಬಿಡೋ ಪಾಲ್ಮರ್, ನಿಮ್ಮಪ್ಪಂಗೆ ಕಿವಿ ತೂತಾದೀತು" ಎಂದು ಒಸ್ಬರ್ಟ್ ರೇಗಿಸುತ್ತಿದ್ದ. ಆದರೆ ತನ್ನಂಥ ಕಳ್ಳ ಎಳೆದದ್ದು ಮೇಲಕ್ಕೆ ಮುಟ್ಟುತ್ತದೆಂಬ ನಂಬಿಕೆ ಹಾಮೋಗೇ ಇರಲಿಲ್ಲ.

ವರ್ಷಗಳು ಉರುಳಿದವು. ಹಾಮೋನ ಮಕ್ಕಳೂ ಪಾಲ್ಮರ್ ಅನ್ನಿಸಿಕೊಂಡರು. ಹಾವಿಸ್ ಹಾಸಿಗೆ ಹಿಡಿದಳು. ಅವಳು ಕ್ರಿಸ್‌ಮಸ್ ಕಾಣುವುದು ಕಷ್ಟ ಎಂದು ಪಾದ್ರಿ ಹೇಳಿದ ವರ್ಷ, ಸತ್ತವರ ಹಬ್ಬದ ಬೆಳಿಗ್ಗೆ ಹಾಮೋ ಅವಳಿಗೆ ಬಟಾಣಿ ಗಂಜಿ ಒಯ್ದ. ಹೊರಗೆ ಗಂಟೆ ಹೊಡೆಯುತ್ತಿತ್ತು.

"ಪಾಪ, ಎಲ್ಲಾ ಇನ್ನೂ ಎಳೀತಾನೇ ಇದ್ದಾರೆ" ಅಂದಳು ಹಾವಿಸ್. "ನನಗೆ ಆ ಚಿಂತೆ ಇಲ್ಲ ನೋಡು, ನಿನ್ನ ದಯೆ. ಮನೇಲಿರೋ ಬಾರ್ಲಿನೆಲ್ಲ ಊರಲ್ಲಿ ಸತ್ತ ಮಿಕ್ಕೋರ ಪೂಜೆಗೆ ತಗೊಳ್ಳಿ ಅಂತ ಪಾದ್ರಿಗೆ ಹೇಳಿದ್ದೀನಿ. ನಮ್ಮೋನಿಗೆ ಯಾಕೆ, ಅವನು ಬಾಗಿಲಲ್ಲಿ ನನಗೋಸ್ಕರ ನಿಂತಿರ್ತಾನೆ."

ಥರ್ಸ್ಟನ್‌ಗಾಗಿ ಬೇಡಿಕೊಂಡರೆ ಮೇಲಕ್ಕೆ ಮುಟ್ಟುವಂಥವಳು ಇವಳೊಬ್ಬಳೇ, ಇವಳೂ ಹೋದಮೇಲೆ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಹೇಳಿದರೆ ಇವಳ ನೆಮ್ಮದಿ ಹಾಳು, ಹೇಳದಿದ್ದರೆ ಅವನು ಶಾಶ್ವತವಾಗಿ ಬೆಂಕಿಯಲ್ಲಿ. ಹಾಮೋ ಗಂಜಿಯ ಬಟ್ಟಲನ್ನು ಕೆಳಗಿಟ್ಟ.

"ನಾನು ಹೋಗಲಿಲ್ಲ ಕಣಕ್ಕ" ಅಂದ. "ಸಮುದ್ರ ನೋಡಿ ಹೆದರಿಬಿಟ್ಟೆ. ಅಣ್ಣನ ಬೂಟು ಕೊಟ್ಟು ಆ ಗರಿ ಇಸ್ಕೊಂಡೆ."

ಬೈಯಲಿ, ಉಗಿಯಲಿ ಎಂದು ಅವನು ತಲೆ ತಗ್ಗಿಸಿ ಕಾದ. ಅವಳು ಅತ್ತದ್ದು ಅವನ ಮೋಸಕ್ಕಲ್ಲ.

"ಇಷ್ಟು ವರ್ಷ ಒಂದು ದಿನಾನೂ ಅವನಿಗೋಸ್ಕರ ಕೇಳಿಕೊಳ್ಳಲಿಲ್ವಲ್ಲೋ ನಾನು" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಎತ್ಕೋ ನನ್ನ. ಗಂಟೆ ಹತ್ರ ಕರ್ಕೊಂಡ್ಹೋಗು" ಅಂದಳು.

ಹಾಮೋ ಅವಳನ್ನು ಬೆನ್ನಿಗೆ ಹಾಕಿಕೊಂಡು ಕೆಸರಿನಲ್ಲಿ ನಡೆದ. ಜೀವ ಸವೆದ ಮೈ, ಭಾರವೇ ಇರಲಿಲ್ಲ. ಚರ್ಚಿನ ಬಾಗಿಲಲ್ಲಿ ನಿಂತಿದ್ದವರು ದಾರಿ ಬಿಟ್ಟರು. "ಪಾಲ್ಮರ್ ಅಂದ್ರೆ ಸುಮ್ನೆ ಅಲ್ಲಪ್ಪ" ಎಂದು ಒಸ್ಬರ್ಟ್ ಟೋಪಿ ತೆಗೆದ. ಹಾಮೋಗೆ ಇನ್ನು ತಡೆಯಲಾಗಲಿಲ್ಲ. ಎಲ್ಲರ ಮುಂದೆ ಹೇಳಿಬಿಡುತ್ತೇನೆಂದು ತಿರುಗಿ ನಿಂತು ಬಾಯಿ ತೆರೆದ. ಹಾವಿಸ್ ಹಿಂದಿನಿಂದ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಸುಮ್ನಿರು" ಎಂದು ಕಿವಿಯಲ್ಲಿ ಹೇಳಿದಳು. "ನಿನ್ನ ಮಾನ ಉಳಿಸೋಕಲ್ಲ. ಜೋರಾಗಿ ಹೇಳಿದ್ರೆ ನಮ್ಮೋನಿಗೂ ಕೇಳಿಸಿಬಿಡುತ್ತೆ, ಹೆಂಡತಿ ನನ್ನ ಮರೆತು ಕೂತಿದ್ಲು ಅಂತ."

ಅವನು ಅವಳನ್ನು ಹಗ್ಗದ ಹತ್ತಿರ ಇಳಿಸಿದ. ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ, ಅವನು ತನ್ನ ಕೈಯನ್ನೂ ಸೇರಿಸಬೇಕಾಯಿತು.