ಮೂರನೆಯ ಕಾಲಂ

ಬಂದರಿನವರ ಬಾಯಲ್ಲಿ ಅವಳು ‘ಹಕ್ಕಿ ಮೇಡಂ’; ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಗಾಜಿನ ಡಬ್ಬಿಯೊಳಗೆ ಮೀನಿಟ್ಟು, ಅದಕ್ಕೆ ಕಟ್ಟಿದ ದಾರವನ್ನು ಹೊರಗೆ ಬಿಟ್ಟು, ಕಡಲಹಕ್ಕಿ ಎಳೆಯಲು ಕಲಿಯುವುದೇ ಎಂದು ಗಂಟೆಗಟ್ಟಲೆ ಕಾಯುತ್ತಾಳೆ. ನಡುವೆ ಕೆಮ್ಮಿದವರನ್ನು ಕಣ್ಣಲ್ಲೇ ಸುಡುತ್ತಾಳೆ. “ದಡ್ಡ ಹಕ್ಕಿ, ಬಿಡಿ ಮೇಡಂ” ಎಂದ ಕ್ರೇನಿನವನಿಗೆ, “ನಿಂಗೆ ಎಷ್ಟನೇ ಸಲಕ್ಕಯ್ಯಾ ಲೈಸೆನ್ಸ್ ಸಿಕ್ಕಿದ್ದು?” ಎಂದು ಚಳಿ ಬಿಡಿಸಿದ್ದಳು. ಒಂದೊಂದು ಹಕ್ಕಿಯ ಫಲಿತಾಂಶ ಬರೆಯಲು ಸಂಶೋಧನಾ ಆಫೀಸಿನವರು ಕಳಿಸುವ ಫಾರಂನಲ್ಲಿ ಎರಡೇ ಕಾಲಂ: ಪಾಸು, ಫೇಲು. ಇವಳು ಕಾಗದ ಹರಿಯುವಷ್ಟು ಒತ್ತಿ ಮೂರನೆಯದನ್ನು ಗೀಚುತ್ತಾಳೆ: ‘ಇನ್ನೂ ಯೋಚಿಸುತ್ತಿದೆ’. “ಇಂಥ ಕಾಲಂ ಎಲ್ಲಿದೆಯಮ್ಮಾ?” ಎಂದು ಅವರು ಕೇಳಿದರೆ, “ಇರಬೇಕಿತ್ತು!” ಎಂದು ಫೋನ್ ಕುಕ್ಕುತ್ತಾಳೆ. ಅವಳ ಅಣ್ಣನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಮೇಷ್ಟ್ರು ಪ್ರಶ್ನೆ ಕೇಳಿ, ಹತ್ತರವರೆಗೆ ಎಣಿಸಿ, “ದಡ್ಡ” ಎನ್ನುತ್ತಿದ್ದರು. ಅವನ ಸರಿಯುತ್ತರ ಹನ್ನೆರಡನೆಯ ಎಣಿಕೆಗೆ ಬರುತ್ತಿತ್ತು.